ಒಂದು ಸಾಲಿನ ತಿದ್ದುಪಡಿ

ಏಳು ವರ್ಷದ ಹಿಂದೆ ತನ್ನೂರಿನವನೊಬ್ಬನನ್ನು ಇರಿದು ಜೈಲಿಗೆ ಬಂದಿದ್ದ ದುರ್ಗಪ್ಪನಿಗೆ ಮರುದಿನ ಬಿಡುಗಡೆಯಿತ್ತು. ಇರಿತಕ್ಕೊಳಗಾದವನು ಬದುಕುಳಿದು ಈಗಲೂ ಅದೇ ಊರಲ್ಲಿದ್ದ. ಕೈದಿಗಳಿಗೆ ವಾರಕ್ಕೊಮ್ಮೆ ಇಂಗ್ಲಿಷ್ ಕಲಿಸಲು ಬರುತ್ತಿದ್ದ ವಿಮಲಾಕ್ಷಿ ಟೀಚರ್ ಮುಂದೆ ದುರ್ಗಪ್ಪ ಒಂದು ಕಾಗದ ಇಟ್ಟ.

"ಇದನ್ನೊಂದೀಟು ತಿದ್ದಿ ಕೊಡ್ರಿ ಟೀಚರ್. ನಾ ಇರಿದಿದ್ನಲ್ಲ, ಅವನ ಮಗಳಿಗೆ ಬರದೇನಿ. ಆಕಿ ದಿಲ್ಲಿಯಾಗ ಬೆಳದಾಕಿ, ಕನ್ನಡ ಓದಾಕ ಬರೂದಿಲ್ಲ."

ಇದ್ದದ್ದು ಒಂದೇ ಸಾಲು. ಅವಳಪ್ಪನಿಗೆ ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುವೆನೆಂದು ಬರೆಯಹೊರಟಿದ್ದಾನೆ ಎಂದುಕೊಂಡ ಟೀಚರ್ ಕಣ್ಣು ತೇವವಾಯಿತು.

"ಪ್ರಾಯಶ್ಚಿತ್ತಕ್ಕೆ 'ಮೇಕ್ ಅಮೆಂಡ್' ಅಲ್ಲ ದುರ್ಗಪ್ಪ, 'ಮೇಕ್ ಅಮೆಂಡ್ಸ್'. ತಪ್ಪು ಒಂದೇ ಆದರೂ ಕೊನೆಗೆ ಎಸ್ ಬೇಕೇ ಬೇಕು."

ಅವನು ಎಸ್ ಸೇರಿಸಿದ.

"ಯಾರಿಗೆ ಅನ್ನೋದಕ್ಕೆ 'ಟು' ಹಾಕು. ಯಾವ ತಪ್ಪಿಗೆ ಅನ್ನೋದಕ್ಕೆ 'ಫಾರ್'."

ಅದನ್ನೂ ದುಂಡಗೆ ಬರೆದ.

"ತುಂಬಾ ಒಳ್ಳೆ ಕೆಲಸ ಮಾಡ್ತಿದ್ದೀಯ ಕಣಪ್ಪ. ಆ ಹುಡುಗಿ ಮನಸ್ಸು ಹಗುರಾಗುತ್ತೆ."

ದುರ್ಗಪ್ಪ ಕಾಗದ ಮಡಚಲು ಹೋದ.

"ಇನ್ನೊಂದು ತಪ್ಪು ಉಳಿದಿದೆ ನೋಡು. 'ನಿಮ್ಮಪ್ಪನಿಗೆ ಮಾಡಿದ್ದಕ್ಕೆ' ಅನ್ನೋ ಕಡೆ 'ವಿಲ್ ಡೂ' ಅಂತ ಬರೆದಿದ್ದೀಯ. ಅದು ಇನ್ನು ಮುಂದೆ ಮಾಡೋದಕ್ಕೆ. ಮಾಡಿ ಮುಗಿಸಿದ್ದಕ್ಕೆ 'ಡಿಡ್' ಅನ್ನಬೇಕು."

ಟೀಚರ್ ಆ ಪದ ಹೊಡೆದುಹಾಕಲು ಪೆನ್ನೆತ್ತಿದರು. ದುರ್ಗಪ್ಪ ಕಾಗದದ ಮೇಲೆ ಮೆಲ್ಲಗೆ ಅಂಗೈ ಊರಿದ.

"ಅದನ್ನ ತಿದ್ದಬ್ಯಾಡ್ರಿ ಟೀಚರ್. ಅದು ಸರಿ ಐತಿ."