ಗಲ್ಲಾದ ಬೀಗ

“ಈ ಹುಡುಗಿ ನಿಮ್ಮ ಸಂಬಂಧಿಕಳಾ, ಕೆಲಸದವಳಾ? ಎರಡರಲ್ಲಿ ಒಂದು ಹೇಳಿ ಅಮ್ಮ,” ಎಂದು ಲೆಕ್ಕದವನು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಕೇಳಿದ.

ದಿಂಬಿನ ಚೀಲಗಳನ್ನು ಮಡಿಸುತ್ತಿದ್ದ ಗುಬ್ಬಿಯ ಕೈ ನಿಂತಿತು. ಆಸ್ಪತ್ರೆಯೊಂದು ತನ್ನ ಹಾಸಿಗೆಬಟ್ಟೆಗಳನ್ನೆಲ್ಲ ಈ ಪುಟ್ಟ ಲಾಂಡ್ರಿಗೇ ಕೊಡಲು ಒಪ್ಪಿತ್ತು. ಆದರೆ ಕೆಲಸದವರ ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕು ಎಂದು ಷರತ್ತು ಹಾಕಿತ್ತು. ಅದಕ್ಕೇ ಇಷ್ಟು ವರ್ಷ ಬಾಯಿಮಾತಿನಲ್ಲೇ ನಡೆದಿದ್ದ ಅಂಗಡಿಗೆ ಇವತ್ತು ಲೆಕ್ಕದವನು ಬಂದು ಕೂತಿದ್ದ. ಇಸ್ತ್ರಿ ಹಾಕುವ ಕೆಲಸದವನಾದ ಇಸ್ತ್ರಿ ಮಾವನ ಹೆಸರು ಬರೆದಾಗಿತ್ತು. ಉಳಿದವಳು ಗುಬ್ಬಿ.

“ಕೆಲಸದವಳು ಅಂತಲೇ ಬರಿಯಪ್ಪ,” ಎಂದಳು ಗುಬ್ಬಿ ದೊಡ್ಡಮ್ಮ ಎಂದೇ ಕರೆಯುವ ಅಂಗಡಿಯ ಒಡತಿ.

ಗುಬ್ಬಿ ಮಡಿಸಿಟ್ಟ ಚೀಲವನ್ನೇ ಬಿಚ್ಚಿ ಮತ್ತೆ ಮಡಿಸಿದಳು.

“ಸೇರಿದ್ದು ಯಾವಾಗ?”

“ಆಗ ಅವಳಿಗೆ ಎಂಟು ವರ್ಷ, ಈಗ ಇಪ್ಪತ್ತು. ಅವಳಮ್ಮ ಇಲ್ಲೇ ನನ್ನ ಜೊತೆ ಒಗೀತಿದ್ಲು. ಆಕೆ ತೀರಿಕೊಂಡ ಮಾರನೇ ದಿನ ಇವಳನ್ನ ಕರ್ಕೊಂಡು ಬಂದೆ.”

“ಅಯ್ಯೋ, ಎಂಟು ವರ್ಷದ ಮಗು ಕೆಲಸಕ್ಕೆ ಸೇರ್ತು ಅಂತ ಬರೆದ್ರೆ ನಿಮ್ಮನ್ನೂ ನನ್ನನ್ನೂ ಒಟ್ಟಿಗೇ ಒಳಗೆ ಹಾಕ್ತಾರೆ!”

“ಹಾಕ್ಲಿ ಬಿಡಿ ಸ್ವಾಮಿ,” ಎಂದ ಇಸ್ತ್ರಿ ಮಾವ, ಅಂಗಿಯ ತೋಳಿಗೆ ನೀರು ಚಿಮುಕಿಸುತ್ತ. “ಜೈಲಿನ ಕಂಬಳಿ ಒಗೆಯೋ ಗುತ್ತಿಗೆನೂ ನಮಗೇ ಸಿಗುತ್ತೆ.”

ಲೆಕ್ಕದವನು ನಕ್ಕು ಇವತ್ತಿನ ತಾರೀಖನ್ನೇ ಹಾಕಿದ. ಗುಬ್ಬಿಯ ಇಷ್ಟು ದಿನದ ಬದುಕೆಲ್ಲ ಇವತ್ತು ಬೆಳಿಗ್ಗೆ ಶುರುವಾದ ಹಾಗಾಯಿತು. “ಇನ್ನೊಂದು ಮಾತು. ಇನ್ನು ಮೇಲೆ ಯಾರೂ ಗಲ್ಲಾಕ್ಕೆ ಕೈ ಹಾಕೋ ಹಾಗಿಲ್ಲ. ನೀವೂ ಅಷ್ಟೇ ಅಮ್ಮ. ಲೆಕ್ಕ ತಪ್ಪಿದ್ರೆ ಆಸ್ಪತ್ರೆ ಕೆಲಸ ಕೈತಪ್ಪುತ್ತೆ,” ಎಂದ ಲೆಕ್ಕದವನು. ದೊಡ್ಡಮ್ಮ ಅಲ್ಲೇ ಗಲ್ಲಾಕ್ಕೆ ಬೀಗ ಹಾಕಿದಳು.

ಪೆನ್ಸಿಲ್ಲು, ಬಳೆ, ಜ್ವರದ ಮಾತ್ರೆ, ಏನೇ ಬೇಕಾದರೂ ಗುಬ್ಬಿ ಗಲ್ಲಾ ಎಳೆದು ತೆಗೆದುಕೊಂಡು ಬೆಳೆದವಳು. ಅವಳು ಕೇಳಿದ್ದಿಲ್ಲ; ಯಾಕೆ ಎಂದು ದೊಡ್ಡಮ್ಮ ಕೇಳಿದ್ದೂ ಇಲ್ಲ. ಇಸ್ತ್ರಿ ಮಾವ ಮಾತ್ರ ವಾರವಾರ ಕೈಯೊಡ್ಡಿ ಪಡೆಯುತ್ತಿದ್ದ. ಈ ಅಂಗಡಿಯಲ್ಲಿ ಮನೆಯವರು ಯಾರು, ಹೊರಗಿನವರು ಯಾರು ಎನ್ನುವುದನ್ನು ಗಲ್ಲಾವೇ ಹೇಳುತ್ತಿತ್ತು.

ಲೆಕ್ಕದವನು ಹೋದ ಮೇಲೆ ದೊಡ್ಡಮ್ಮ ಪಿನ್ನು ಚುಚ್ಚಿದ ಚಪ್ಪಲಿ ಎಳೆದುಕೊಂಡು ಬಂದು ಹಾಸುಬಟ್ಟೆಯ ಎರಡು ಮೂಲೆ ಹಿಡಿದಳು. ಇನ್ನೆರಡು ಗುಬ್ಬಿಯ ಕೈಯಲ್ಲಿದ್ದವು. ಮಡಿಸಲು ಇಬ್ಬರೂ ಎದುರುಬದುರು ನಡೆದು ಬರಬೇಕು. ಗುಬ್ಬಿ ಬಂದಳು, ಮುಖ ಮಾತ್ರ ಎತ್ತಲಿಲ್ಲ.

“ಮೂತಿ ಯಾಕೆ ಹಿಂಡದ ಬಟ್ಟೆ ಥರ ಆಗಿದೆ?”

“ನಾನು ಕೆಲಸದವಳಲ್ವಾ. ಕೆಲಸದವಳ ಮೂತಿ ಹೇಗಿದ್ರೇನು.”

ದೊಡ್ಡಮ್ಮ ಮೂಲೆ ಬಿಡಲಿಲ್ಲ. “ನಾಳೆ ನನಗೇನಾದ್ರೂ ಆದ್ರೆ ನಮ್ಮಣ್ಣನ ಮಕ್ಕಳು ಓಡಿ ಬರ್ತಾರೆ ಕಣೇ, ಅಂಗಡಿ ನಮ್ಮದು ಅಂತ. ನೀನು ಯಾರು ಅಂದ್ರೆ ಏನು ತೋರಿಸ್ತೀಯ? ಮನೆಮಗಳು ಅನ್ನೋಕೆ ನನ್ನ ಹತ್ರ ಕಾಗದ ಇಲ್ಲ. ಕೆಲಸದವಳು ಅನ್ನೋಕಾದ್ರೂ ಒಂದಿರಲಿ. ನಿನ್ನ ದುಡಿಮೆ ನಿನ್ನ ಹೆಸರಲ್ಲಿರಲಿ.”

ಗುಬ್ಬಿಗೆ ಮಾತು ಅರ್ಥವಾಯಿತು. ಆದರೂ ಬೀಗ ಕಂಡಾಗಲೆಲ್ಲ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ತಿಂಗಳು ತುಂಬಿ ಸಂಬಳ ಬಂತು. ಗುಬ್ಬಿ ಒಂದಿಷ್ಟು ಬಿಡಿಸಿಕೊಂಡು ಬಂದು, ಚೀಲದಲ್ಲಿಟ್ಟು ಗೋಡೆಯ ಮೇಲಿನ ಮೊಳೆಗೆ ತೂಗುಹಾಕಿದಳು. ದೊಡ್ಡಮ್ಮ ತನ್ನ ಹಣ ತರಲು ಇನ್ನೂ ಬ್ಯಾಂಕಿನ ಕಡೆ ತಲೆ ಹಾಕಿರಲಿಲ್ಲ. ಅವತ್ತೇ ಮಧ್ಯಾಹ್ನ ಅವಳ ಚಪ್ಪಲಿಯ ಉಂಗುಟ ಕಿತ್ತೇಹೋಯಿತು. ಅಭ್ಯಾಸಬಲದಿಂದ ಗಲ್ಲಾಕ್ಕೆ ಹೋದ ಅವಳ ಕೈ ಬೀಗ ತಾಗಿ ನಿಂತಿತು. ಒಂದು ಗಳಿಗೆ ಯೋಚಿಸಿ, ಬರಿಗಾಲಿನಲ್ಲಿ ಕುಂಟುತ್ತ ಗೋಡೆಯ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, ಗುಬ್ಬಿಯ ಚೀಲದೊಳಗೆ ಕೈ ಹಾಕಿ ತಡಕಾಡಿ ಒಂದು ನೋಟು ಎಳೆದಳು. ಗುಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ.

“ಏನಕ್ಕಾ ಇದು, ಕೆಲಸದವಳ ಚೀಲಕ್ಕೇ ಕೈ ಹಾಕ್ತೀರಲ್ಲ! ಒಂದು ಮಾತು ಕೇಳೋದು ಬೇಡ್ವಾ?” ಎಂದ ಇಸ್ತ್ರಿ ಮಾವ.

“ಅಲ್ಲಿ ಕಾಲರ್ ಸುಡ್ತಿದೆ, ಅದನ್ನ ನೋಡ್ಕೋ ನೀನು.” ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ದೊಡ್ಡಮ್ಮ ಮೂಲೆಯ ಚಮ್ಮಾರನ ಕಡೆಗೆ ನಡೆದೇಬಿಟ್ಟಳು.

ಗುಬ್ಬಿ ಎದ್ದು ಗೋಡೆಯ ಬಳಿ ಹೋದಳು. ಚೀಲದ ಬಾಯಿ ತೆರೆದೇ ಇತ್ತು. ಅದನ್ನು ಮುಚ್ಚದೆ ಹಾಗೆಯೇ ಇಳಿಸಿ, ದೊಡ್ಡಮ್ಮನ ಕೈಗೆಟಕುವಂತೆ ಕೆಳಗಿನ ಮೊಳೆಗೆ ತೂಗುಹಾಕಿದಳು.