ಸಾಹೇಬರ ಹೆಬ್ಬೆಟ್ಟು

ತಾಲ್ಲೂಕು ಕಚೇರಿಯ ಸಾಹೇಬರ ಡಿಜಿಟಲ್ ಸಹಿಯಿದ್ದ, ಕಂಪ್ಯೂಟರಿಗೆ ಚುಚ್ಚುವ ಡಾಂಗಲ್ಲು ಎಂಟು ವರ್ಷದಿಂದ ಇದ್ದದ್ದು ಗುತ್ತಿಗೆ ಆಪರೇಟರ್ ಜಯಶೀಲಳ ಡ್ರಾಯರಿನಲ್ಲೇ. ಈಗ ಹೆಬ್ಬೆಟ್ಟು ಒತ್ತಿದರೆ ಮಾತ್ರ ಸಹಿ ಬೀಳುವ ಹೊಸ ಡಾಂಗಲ್ಲು ಬಂತು.

“ಮುಂದೆ ಬರೋ ಕ್ವಾಂಟಮ್ ಕಂಪ್ಯೂಟರ್ ಕೈಲೂ ಇದನ್ನ ಒಡೆಯೋಕಾಗಲ್ಲ. ನಿಮ್ಮ ಹೆಬ್ಬೆಟ್ಟು ಕೊಡಿ ಸಾರ್,” ಎಂದ ತಂದವನು.

“ನಂದ್ಯಾಕಯ್ಯಾ? ದಿನಾ ಸಹಿ ಹಾಕೋಳು ಇವಳು. ಬಾಮ್ಮ, ನಿಂದೇ ಕೊಡು,” ಎಂದರು ಸಾಹೇಬರು.

ಇಷ್ಟು ನಂಬಿದ್ದಾರಲ್ಲ ಎಂದು ಜಯಶೀಲಳ ಕಣ್ಣು ತುಂಬಿತು.

ವರ್ಷ ತುಂಬುವುದರೊಳಗೆ, ನೀರಿದ್ದ ಕೆರೆಯೇ ಸಾಹೇಬರ ಸಹಿಯಲ್ಲಿ ಯಾರದೋ ಹೆಸರಿಗೆ ಖಾತೆಯಾಗಿ ಕೂತಿತ್ತು. ಮೇಲಧಿಕಾರಿ ವಿಚಾರಣೆಗೆ ಬಂದರು.

“ಸಾಹೇಬ್ರು ಒತ್ತು ಅಂದ್ರು, ಒತ್ತಿದೆ ಸಾರ್,” ಎಂದಳು ಜಯಶೀಲ.

ಸಾಹೇಬರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

“ಡಾಂಗಲ್ಲು ಸುಳ್ಳು ಹೇಳಲ್ಲಮ್ಮ. ಅದರಲ್ಲಿರೋದು ನಿನ್ನ ಹೆಬ್ಬೆಟ್ಟು. ಇನ್ನೊಬ್ಬರ ಸಹಿ ಹಾಕೋದು ಅಪರಾಧ ಅಂತ ಗೊತ್ತಿಲ್ವಾ?” ಎಂದರು ಮೇಲಧಿಕಾರಿ.

ಅವಳನ್ನು ಪೊಲೀಸರಿಗೆ ಒಪ್ಪಿಸುವ ಆದೇಶ ಅಲ್ಲೇ ಟೈಪಾಯಿತು. ಮೇಲಧಿಕಾರಿ ಗಡಿಯಾರ ನೋಡಿಕೊಂಡು ಎದ್ದರು. ಜೊತೆಗೆ ಕರೆತಂದಿದ್ದ ತಮ್ಮ ಆಪರೇಟರಮ್ಮನ ಕಡೆ ತಿರುಗಿದರು.

“ನಂಗೆ ಹೊತ್ತಾಯ್ತು. ನನ್ನ ಸಹಿಗೆ ನೀನೇ ಹೆಬ್ಬೆಟ್ಟು ಒತ್ತಿಬಿಡಮ್ಮ.”