ನಾಳಿಂದ ನೀ ಮ್ಯಾಲೆ ಹೋಗವಾ

ಮುಂದಿನ ವಾರ ಯಾರಿಗಾದರೂ ಇಂಟರ್‌ವ್ಯೂ ಇದ್ದರೆ ಇದನ್ನು ಅವರಿಗೂ ಕಳಿಸಿ...

ಹುಬ್ಬಳ್ಳಿಯ ದೊಡ್ಡದೊಂದು ಸೀರೆ ಶೋರೂಮ್‌. ಫ್ಲೋರ್ ಸೂಪರ್‌ವೈಸರ್ ಕೆಲಸಕ್ಕೆ ಇಂಟರ್‌ವ್ಯೂ ನಡೆದಿತ್ತು.

ಮ್ಯಾನೇಜರ್ ಮೇಡಂ ಎದುರು ಕೂತಿದ್ದವರು ಕಸ್ತೂರಿ. ಅವರು ದುಡಿಯುತ್ತಿದ್ದ ಅಂಗಡಿಯನ್ನು ಮಾಲೀಕರಾದ ಸಾವಕಾರರು ತಮಗೆ ವಯಸ್ಸಾಯಿತೆಂದು ಮುಚ್ಚಿದ್ದರು. ಮಗಳ ನರ್ಸಿಂಗ್ ಓದು ಇನ್ನೂ ಮುಗಿದಿಲ್ಲ... ಈ ಕೆಲಸ ಸಿಗಲೇಬೇಕಿತ್ತು.

ರೆಸ್ಯೂಮೆ ನೋಡಿದ ಮೇಡಂ ಹುಬ್ಬು ಗಂಟಿಕ್ಕಿದರು.

"ಹಂಚಿನಮನಿ ಕ್ಲಾತ್ ಸ್ಟೋರ್ಸ್, ಹಂಚಿನಮನಿ ಸಾರೀಸ್, ಎಚ್.ಎಂ. ಸಿಲ್ಕ್ಸ್... ಹದಿನಾಲ್ಕು ವರ್ಷದಾಗ ಮೂರು ಅಂಗಡಿ ಬಿಟ್ಟೀರಿ. ಇಲ್ಲಿ ಆದ್ರೂ ನಿಲ್ತೀರಿ ಅಂತ ಏನ್ ಗ್ಯಾರಂಟಿ?"

ಕಸ್ತೂರಿ ಗಾಬರಿಯಾದರು. "ಮೂರಲ್ರೀ ಮೇಡಂ, ಒಂದ ಅಂಗಡಿ! ಬಣ್ಣಾ ಹಚ್ಚಿಸಿದಾಗೊಮ್ಮೆ ಸಾವಕಾರ್ರು ಬೋರ್ಡ್ ಬದಲಿ ಮಾಡಸ್ತಿದ್ರು. ನಾ ಬೋರ್ಡ್‌ನ್ಯಾಗ ಇದ್ದಂಗ ಬರದೀನಿ."

"ಮತ್ತ ಇಲ್ಲಿ ಮೊದಲು ಪ್ಯಾಕಿಂಗ್ ಕೆಲಸ ಅಂತೈತಿ, ಅದನ್ನ ಯಾಕ್ ಬಿಟ್ರಿ?"

"ಬಿಟ್ಟಿಲ್ರೀ... ಮ್ಯಾಲೆ ಹೋದ್ನಿ."

ನಮ್ಮಲ್ಲಿ 'ಮೇಲೆ ಹೋದರು' ಅಂದರೆ ಏನರ್ಥ ಅಂತ ನಿಮಗೂ ಗೊತ್ತಲ್ಲ... ಮೇಡಂ ಕಷ್ಟಪಟ್ಟು ನಗು ತಡೆದುಕೊಂಡರು.

"ಸಾವಕಾರ್ರು ಒಂದಿನ 'ನಾಳಿಂದ ನೀ ಮ್ಯಾಲೆ ಹೋಗವಾ' ಅಂದ್ರು. ಫಸ್ಟ್ ಫ್ಲೋರಿಗೆ ಹೋದ್ನಿ. ನನ್ನ ಕಡಿಂದ ಏನೋ ತಪ್ಪಾಗೇತಿ, ಅದಕ್ಕ ಪ್ಯಾಕಿಂಗಿಂದ ತಗದ್ರು ಅನ್ಕೊಂಡು ಮನಿಗೆ ಹೋಗಿ ಅತ್ತೀನ್ರೀ. ಮುಂದ ಮತ್ತೊಮ್ಮೆ ಹಂಗ ಅಂದ್ರು... ಸೆಕೆಂಡ್ ಫ್ಲೋರು, ಮದುವಿ ಸೀರಿ ಕಡೆ."

"ಅಲ್ಲಿ ಏನ್ ಮಾಡ್ತಿದ್ರಿ?"

"ಹುಡುಗ್ಯಾರಿಗೆ ಕೆಲಸ ಕಲಸ್ತಿದ್ನಿ. ಕೀಲಿ ನನ್ನ ಕಡೇನ ಇರ್ತಿತ್ತು. ಯಾರಿಗರ ರಜಾ ಬೇಕಂದ್ರ ನನ್ನ ಕೇಳ್ತಿದ್ರು."

"ಪಗಾರ ಏರಲಿಲ್ಲೇನು?"

"ಏರ್ತಿತ್ರೀ... ಎಲ್ಲಾರಿಗೂ ಏರಿರಬೇಕು ಅನ್ಕೊಂಡ್ನಿ."

ಮೇಡಂ ಪೆನ್ನು ಕೆಳಗಿಟ್ಟರು. ನಂಬರ್ ಕೇಳಿ ಅಲ್ಲಿಂದಲೇ ಸಾವಕಾರರಿಗೆ ಫೋನ್ ಹಚ್ಚಿ, ಸ್ಪೀಕರ್ ಆನ್ ಮಾಡಿದರು. "ಕಸ್ತೂರಿಯವರನ್ನ ಮ್ಯಾಲೆ ಯಾಕ್ ಕಳ್ಸಿದ್ರಿ?"

"ಯಾಕಂದ್ರ? ಆಕಿ ಸೀರಿ ಕಟ್ಟಿಕೊಡೂದ್ರಾಗ ಗಿರಾಕಿ ಇನ್ನೊಂದು ಸೀರಿ ತಗೊಳ್ಳಾಕ ಹೊಳ್ಳಿ ಹೋಗೋರು! ಅಂಥಾ ಮಾತು ಆಕೀದು. ಅದಕ್ಕ ಸೇಲ್ಸಿಗೆ ಹಾಕಿದ್ನಿ. ಆಮ್ಯಾಲೆ ಇಡೀ ಫ್ಲೋರ್ ಆಕಿ ಕೈಯಾಗ ಕೊಟ್ನಿ. ಪ್ರಮೋಷನ್ರೀ ಅದು!"

"ಅದನ್ನ ಅವರಿಗೆ ಹೇಳಿದ್ರೇನು?"

ಸಾವಕಾರರು ದನಿ ತಗ್ಗಿಸಿದರು.

"ಹೇಳೂದೇನೈತಿ... ಆಕಿಗೆ ಗೊತ್ತಿರ್ತೈತಿ ಅನ್ಕೊಂಡಿದ್ನಿ."

ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಶಿಕ್ಷೆ ಅಂದುಕೊಂಡಿದ್ದು ಶಿಕ್ಷೆಯೇ ಆಗಿರಲಿಲ್ಲ...

"ಮೇಡಂ... ನನಗ ಪ್ರಮೋಷನ್ ಆಗಿತ್ತೇನ್ರೀ?"

"ಒಂದಲ್ಲ, ಎರಡು."

ಮೇಡಂ ರೆಸ್ಯೂಮೆಯಲ್ಲಿದ್ದ ಮೂರು ಹೆಸರನ್ನೂ ಹೊಡೆದುಹಾಕಿ, ಅಂಗಡಿಯ ಹೆಸರನ್ನು ಒಂದೇ ಸಲ ಬರೆದರು. ಅದರ ಕೆಳಗೆ ಮೂರೂ ಕೆಲಸ... ಕೊನೆಯದು ಎಲ್ಲಕ್ಕಿಂತ ಮೇಲೆ, ಪಕ್ಕದಲ್ಲಿ ಇಸವಿ. ಪ್ಯಾಕಿಂಗ್ ಕೆಲಸವನ್ನೂ ಬಿಡಲಿಲ್ಲ.

"ಯಾರರ ಕೇಳಿದ್ರ ಹಿಂಗ ತೋರಸ್ರಿ. ಆದ್ರ ಇನ್ನ ಯಾರಿಗೂ ತೋರಸೂ ಅವಶ್ಯ ಇಲ್ಲ... ಸೋಮವಾರದಿಂದ ನೀವು ಮ್ಯಾಲೆ ಹೋಗ್ರಿ."

ಈ ಸಲ ಕಸ್ತೂರಿಗೆ ಅರ್ಥವಾಯಿತು.

*ಅಂಗಡಿ ಒಂದೇ ಇರಬಹುದು... ಹತ್ತಿದ ಮೆಟ್ಟಿಲು ಒಂದೇ ಅಲ್ಲ.*

ನಿಮ್ಮ ಕೈಕೆಳಗೆ ದುಡಿಯುವವರು ಮೇಲೇರಿದ್ದನ್ನು ನೀವು ಅವರಿಗೆ ಬಾಯಿಬಿಟ್ಟು ಹೇಳಿದ್ದೀರಾ?